ಈಶ್ವರನ ಗುಡಿಗೆ ಕೊಟ್ಟ ಮೊದಲ ಎಣ್ಣೆ

ಹೊಳಲ್ಕೆರೆಯ ಈಶ್ವರನ ಗುಡಿಯಲ್ಲಿ ಆ ಸೋಮವಾರ ದೀಪ ಆರಿದ್ದು ನನ್ನಿಂದ, ಗಾಣಿಗರ ನಾಗಕ್ಕನಿಂದ ಅಲ್ಲ. ಇದು ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ. ಆಮೇಲೂ ಸುಮ್ಮನಿದ್ದೆ, ವರ್ಷಗಟ್ಟಲೆ.

ನಮ್ಮ ತಂದೆ ಶೇಂಗಾ, ಕುಸುಬೆ ವ್ಯಾಪಾರ ಮಾಡುತ್ತಿದ್ದವರು. ಕಾಳನ್ನು ಹಾಗೆಯೇ ರೈಲಿಗೆ ಹಾಕಿ ಹೊರಗೆ ಕಳಿಸುವ ಬದಲು ಇಲ್ಲೇ ಎಣ್ಣೆ ತೆಗೆದು, ಶುದ್ಧಮಾಡಿ ಕಳಿಸಬೇಕೆಂಬ ಆಸೆ ಅವರಿಗೆ ಹತ್ತಿತು. ನಾನು ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ, ಪದವಿ ಪಡೆದು, ಆಗಷ್ಟೇ ಮನೆಗೆ ಮರಳಿದ್ದೆ. ಮದುವೆಯ ಮಾತನ್ನು ಪಕ್ಕಕ್ಕಿಟ್ಟು ತಂದೆ ನನ್ನ ಓದನ್ನು ಕಾರ್ಖಾನೆಗೆ ಹಚ್ಚಿದರು. ನೆಂಟರು ನಕ್ಕರು. ಆ ನಗೆಗೆ ಉತ್ತರ ಕೊಡಬೇಕು — ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಹಿಂಡಿದ ಎಣ್ಣೆಯನ್ನು ಕಬ್ಬಿಣದ ಕೊಪ್ಪರಿಗೆಯಲ್ಲಿ ಬಿಸಿಮಾಡಿ ಕಾಸ್ಟಿಕ್ ಸೋಡಾದ ನೀರು ಬೆರೆಸುತ್ತಿದ್ದೆವು. ಎಣ್ಣೆಯ ಹುಳಿ ಅಂಶವೆಲ್ಲ ಸಾಬೂನಾಗಿ ತಳಕ್ಕಿಳಿಯುತ್ತದೆ. ಮೇಲಿನ ಎಣ್ಣೆಯನ್ನು ಬೇರೆ ಮಾಡಿ, ಸಾಬೂನಿನ ಸುಳಿವೂ ಉಳಿಯದಂತೆ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಆಮೇಲೆ ನೀರಿನ ಪಸೆ ಆರುವ ತನಕ ಕಾಯಿಸಬೇಕು.

ನಾಗಕ್ಕನ ಗಂಡನದು ಊರಲ್ಲೇ ಹಳೆಯ ಗಾಣ. ಗಾಣಿಗರು ಸೋಮವಾರ ಎತ್ತನ್ನು ಗಾಣಕ್ಕೆ ಹೂಡುವುದಿಲ್ಲ. ಆ ದಿನ ಅವಳು ಕಾರ್ಖಾನೆ ನೋಡಲು ಬರುತ್ತಿದ್ದಳು. ಬರುಬರುತ್ತ ಕಾಳು ಹಸನು ಮಾಡುವ ಹೆಂಗಸರ ಮೇಲ್ವಿಚಾರಣೆಯನ್ನು ತಂದೆ ಅವಳಿಗೇ ಒಪ್ಪಿಸಿದರು. ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವಳಲ್ಲ, ಆದರೂ ಓದಿದವಳೆಂದು ನನ್ನನ್ನು ‘ಅಕ್ಕೋರೆ’ ಎನ್ನುತ್ತಿದ್ದಳು.

“ಅಕ್ಕೋರೆ, ನಿಮ್ಮೆಣ್ಣೆಗೆ ವಾಸ್ನೇನೇ ಇಲ್ವಲ್ರೀ! ಪಕ್ಕದ್ಮನೆಯೋರು ಮೂಗರಳಿಸ್ದೆ ಇದ್ರೆ ಅದೆಂಥ ಒಗ್ಗರಣೆ?”

ನಾನು ಹೆಚ್ಚು ನಗುವವಳಲ್ಲ. ಅವಳೆದುರು ನಗುತ್ತಿದ್ದೆ.

ನಮ್ಮಲ್ಲಿ ಹೊಸ ಗಾಣ ಹೂಡಿದರೆ ಮೊದಲ ಎಣ್ಣೆ ಈಶ್ವರನ ದೀಪಕ್ಕೆ ಹೋಗುತ್ತದೆ. ಅದು ಉರಿದ ಮೇಲೆಯೇ ಮಾರಾಟ. ಕಾರ್ಖಾನೆಗೂ ಹಾಗೆಯೇ ಆಗಲಿ ಎಂದು ತಂದೆ ಸೋಮವಾರ ಬೆಳಗಿಗೆ ಮುಹೂರ್ತ ಇಡಿಸಿದರು, ಚಿತ್ರದುರ್ಗದಿಂದ ವರ್ತಕರನ್ನೂ ಕರೆಸಿದರು. ಹಿಂದಿನ ಸಂಜೆ ನಾನು ಒಂದಿಷ್ಟು ಎಣ್ಣೆಯನ್ನು ನೀರಿನೊಂದಿಗೆ ಗಾಜಿನ ಕೊಳವೆಗೆ ಹಾಕಿ ಕುಲುಕಿದೆ. ನೊರೆ ಬಂತು. ಸಾಬೂನು ಇನ್ನೂ ಉಳಿದಿತ್ತು. ಮತ್ತೆ ತೊಳೆದು ಕಾಯಿಸುತ್ತ ಕೂತರೆ ಮುಹೂರ್ತ ತಪ್ಪುತ್ತದೆ, ಹುಡುಗಿಯ ಕೈಲಿ ಆಗಲಿಲ್ಲ ಎಂಬ ಮಾತು ಬರುತ್ತದೆ... ಒಂದು ದೀಪಕ್ಕೆ ತಾನೆ, ಎಂದುಕೊಂಡೆ.

ಎಣ್ಣೆಯ ಬಿಂದಿಗೆ ಹೊರಲು ಮುತ್ತೈದೆ ಬೇಕಿತ್ತು. ನನಗೆ ತಾಯಿ ಇರಲಿಲ್ಲ. ನಾಗಕ್ಕನೇ ಹೊರಲಿ ಎಂದೆ. ಅವಳು ಹಿಂದೆ ಸರಿದಳು. ಅವಳು ಮೊದಲ ಗಂಡ ತೀರಿಕೊಂಡ ಮೇಲೆ ಕೂಡಿಕೆಯಾಗಿ ಈ ಮನೆಗೆ ಬಂದವಳು. ಹಾಗೆ ಮರುಮದುವೆಯಾದವರನ್ನು ಶುಭಕಾರ್ಯಕ್ಕೆ ಮುಂದೆ ಬಿಡುವುದಿಲ್ಲ.

“ಬ್ಯಾಡ್ರೀ ಅಕ್ಕೋರೆ. ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ನನ್ ಮ್ಯಾಲೆ ಬರ್ತೈತೆ.”

“ಏನೂ ಆಗಲ್ಲ. ಬಂದರೆ ನಾನಿದ್ದೀನಿ,” ಎಂದೆ.

ಈ ಎರಡು ಮಾತನ್ನು ನಾನು ಸುಲಭವಾಗಿ ಆಡಿದೆ. ಓದಿದವಳು, ಇಂಥ ಕಟ್ಟಳೆಗಳನ್ನು ನಂಬದವಳು ಎಂಬ ಹೆಮ್ಮೆಯೂ ಅದರಲ್ಲಿ ಇತ್ತು.

ಬೆಳಗ್ಗೆ ಪೂಜಾರಿ ಹೊಸ ಬತ್ತಿ ಹಾಕಿ ದೀಪ ಹೊತ್ತಿಸಿದರು. ಅದು ಚಟಚಟ ಸಿಡಿಯಿತು, ಬತ್ತಿಯ ತುದಿಗೆ ಕರಿ ಹಕ್ಕಳೆ ಕಟ್ಟಿತು, ಆರಿತು. ಮತ್ತೆ ಹೊತ್ತಿಸಿದರು, ಮತ್ತೆ ಆರಿತು. ಉಳಿದಿದ್ದ ಸಾಬೂನು ಬತ್ತಿಗೆ ಕಟ್ಟಿಕೊಂಡು ಎಣ್ಣೆ ಮೇಲೇರಲು ಬಿಡುತ್ತಿರಲಿಲ್ಲ. ಗುಡಿ ತುಂಬ ಜನ. ಮೊದಲು ಬಾಯಿ ಬಿಟ್ಟವಳು ರಾಮಗಿರಿಯಿಂದ ಬಂದಿದ್ದ ಒಬ್ಬ ಹೆಂಗಸು. ನಾಗಕ್ಕನ ಮಗಳು ಗೌರಿಯನ್ನು ಅವಳ ಮಗನಿಗೆ ಕೊಡುವುದೆಂದು ಮಾತಾಗಿತ್ತು.

“ಬಿಂದಿಗೆ ಹೊತ್ತೋಳು ಯಾರು ಅಂತ ನೋಡ್ರಪ್ಪ. ಕೂಡಿಕೆಯೋಳ ಕೈಯೆಣ್ಣೆ ಈಶ್ವರಂಗೇ ಬ್ಯಾಡಾತು. ಇನ್ನ ಅವಳ ಮಗಳ್ನ ನಾನು ಹ್ಯಾಂಗೆ ಮನೆ ತುಂಬಿಸ್ಕಳ್ಳಲಿ?”

ನಾಗಕ್ಕ ನನ್ನತ್ತ ನೋಡಿದಳು. ಬೇಡುವ ನೋಟವಲ್ಲ, ನಾನು ಮಾತಾಡುತ್ತೇನೆ ಎಂದು ಕಾಯುವ ನೋಟ. ‘ಎಣ್ಣೆ ಸರಿಯಾಗಿ ತೊಳೆದಿಲ್ಲ, ತಪ್ಪು ನನ್ನದು’ — ಇಷ್ಟು ಹೇಳಿದ್ದರೆ ಸಾಕಿತ್ತು. ವರ್ತಕರು ನಿಂತಿದ್ದರು. ತಂದೆಯ ಮುಖ ಬಿಳಿಚಿತ್ತು. ನಾನು ಸೆರಗು ಸರಿಮಾಡಿಕೊಂಡು ನೆಲ ನೋಡಿದೆ.

ಇಲ್ಲಿಗೇ ಮುಗಿದಿದ್ದರೆ ಅದನ್ನು ಅಂಜಿಕೆ ಎಂದು ಕರೆಯಬಹುದಿತ್ತು. ಮುಂದಿನ ಸೋಮವಾರಕ್ಕೆ ಇನ್ನೊಮ್ಮೆ ಎಣ್ಣೆ ಕೊಡುವುದೆಂದು ತೀರ್ಮಾನವಾಯಿತು. ಈ ಸಲ ನಾನೇ ನಿಂತು, ನೊರೆ ಕಾಣದಾಗುವ ತನಕ ತೊಳೆಸಿದೆ. ಬಿಂದಿಗೆಯನ್ನು ಶಾನುಭೋಗರ ಹೆಂಡತಿ ಹೊತ್ತರು. ದೀಪ ಸಂಜೆಯವರೆಗೂ ನಿಶ್ಚಲವಾಗಿ ಉರಿಯಿತು. “ನೋಡಿದ್ರಾ?” ಎಂದರು ಜನ. ಅಲ್ಲಿಯವರೆಗೆ ಅದು ಬರೀ ಅನುಮಾನ. ಅದಕ್ಕೆ ಸಾಕ್ಷಿ ಒದಗಿಸಿದವಳು ನಾನು — ನನ್ನ ಕೈಯಾರೆ, ಅಚ್ಚುಕಟ್ಟಾಗಿ.

ಕಾರ್ಖಾನೆ ನಡೆಯಿತು, ಈಗಲೂ ನಡೆಯುತ್ತಿದೆ. ರಾಮಗಿರಿಯವರು ಮಾತು ಮುರಿದರು. ಹೆಂಗಸರು ನಾಗಕ್ಕನ ಕೈಕೆಳಗೆ ಕೆಲಸ ಮಾಡಲು ಒಪ್ಪಲಿಲ್ಲ. ಅವಳ ಗಂಡ ಗಾಣವನ್ನು ಮಾರಿ, ಸಂಸಾರ ಸಮೇತ ಹೊಸದುರ್ಗದ ಕಡೆ, ಮಾಡದಕೆರೆಗೆ ಹೋದ. ಗೌರಿಯನ್ನು ಕೊನೆಗೆ ಎರಡನೆಯ ಸಂಬಂಧಕ್ಕೆ ಕೊಟ್ಟರಂತೆ, ಅವಳಿಗಿಂತ ಬಹಳ ಹಿರಿಯನಿಗೆ. ಈ ಸುದ್ದಿ ಬಂದ ದಿನವೂ ನಾನು ಎಂದಿನಂತೆ ಕೆಲಸಕ್ಕೆ ಹೋದೆ.

ಈ ಬೇಸಿಗೆಯಲ್ಲಿ ಮಾಡದಕೆರೆಗೆ ಹೋಗಿದ್ದೆ. ನಾಗಕ್ಕ ಚಾಪೆ ಹಾಸಿ, “ಕುಂತ್ಕಳ್ರಿ” ಎಂದು ಬೆಲ್ಲ, ನೀರು ತಂದಿಟ್ಟಳು. ಎಲ್ಲವನ್ನೂ ಹೇಳಿದೆ — ಸಾಬೂನು, ನೊರೆ, ಎರಡನೆಯ ಎಣ್ಣೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು.

“ನಾನು ಹೊತ್ತಿದ್ದು ಬಿಂದಿಗೆ, ಒಳಗಿದ್ದಿದ್ದು ನಿಮ್ಮೆಣ್ಣೆ. ಇಷ್ಟು ನಂಗೆ ಅವತ್ತೇ ಗೊತ್ತಿತ್ತು ಕಣ್ರೀ ಅಕ್ಕೋರೆ. ನಂಗ್ಯಾಕೆ ಹೇಳ್ತೀರಿ? ಅವತ್ತು ಗುಡೀಲಿ ಇದ್ದೋರಿಗೆ ಹೇಳ್ರಿ.”

ಊಟದ ಹೊತ್ತಾಗಿತ್ತು. ಒಳಗೆ ಮುದ್ದೆ ತಿರುವುವ ಸದ್ದು ಕೇಳುತ್ತಿತ್ತು. ಉಂಡು ಹೋಗ್ರಿ ಎಂದು ಅವಳು ಹೇಳಲಿಲ್ಲ. ಹೇಳದಿದ್ದುದೇ ಸರಿ.

ಅವತ್ತು ಗುಡಿಯಲ್ಲಿದ್ದವರಿಗೆ ಹೇಳಲೆಂದೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ನಿನ್ನೆ ತಂದೆಗೆ ಓದಿ ಹೇಳಿದೆ. “ಊರ ಹೆಸರಾದ್ರೂ ತೆಗೆದುಬಿಡವ್ವ” ಎಂದರು. ತೆಗೆದಿಲ್ಲ. ಓದು ಬಾರದವರಿಗೆ ಬಾಯಲ್ಲೇ ಹೇಳಬೇಕು. ಮೊದಲು ರಾಮಗಿರಿಗೆ, ಆ ಹೆಂಗಸಿನ ಮನೆಗೆ ಹೋಗುತ್ತೇನೆ. ಗೌರಿಗೆ ಅದರಿಂದ ಈಗ ಏನೂ ಮರಳುವುದಿಲ್ಲ — ಅದು ಗೊತ್ತಿದ್ದೇ ಹೋಗುತ್ತೇನೆ.