ಎಂಟು ತಾಸಿನ ಡಿಸ್ಕು

ಹಳೇ ಟಿವಿ ಹದಿನೆಂಟು ವರ್ಷ ದುಡಿದು ಒಂದು ಮುಂಜಾನೆ ಕಣ್ಣು ಮುಚ್ಚಿತು. ಮುಂಬಯಿಯ ಕಾಂದಿವಲಿಯಲ್ಲಿರುವ ನನ್ನ ಒಂದು ಕೋಣೆಯ ಮನೆಗೆ ಗೋಡೆಯಗಲದ ಹೊಸ ಟಿವಿ ಬಂತು. ಬಂದವರು ಅದನ್ನು ಬಿಗಿದು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ, ಹಳೇ ಡಿವಿಡಿ ರೆಕಾರ್ಡರಿನ ಮೂರು ಬಣ್ಣದ ವೈರು ಅದಕ್ಕೆ ಚುಚ್ಚಿದ್ದು. ನೂರಾರು ಚಾನೆಲ್ ಬರುತ್ತವಂತೆ, ಬರಲಿ. ನನಗೆ ಬೇಕಿದ್ದುದು ಒಂದೇ ಡಿಸ್ಕು.

ಅದರಲ್ಲಿ ನನ್ನ ಹೆಂಡತಿ ಇದ್ದಾಳೆ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಹೆಂಗಸರ ಗುಂಪಿನ ಜೊತೆ ನಿಂತು ಹಾಡಿದ್ದಳು. ಕೇಬಲ್‌ನವರು ತೋರಿಸಿದಾಗ ನಾನು ರೆಕಾರ್ಡ್ ಮಾಡಿಕೊಂಡಿದ್ದೆ. ಹಾಡು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಾಳೆ. ಅವಳು ಹೋಗಿ ಎರಡು ವರ್ಷವಾಯಿತು. ಫೋಟೋಗಳಲ್ಲೆಲ್ಲ ಬಿಗಿದುಕೊಂಡು ನಿಂತಿದ್ದಾಳೆ, ನಗುವುದು ಇದೊಂದರಲ್ಲೇ.

ಹಾಕಿದೆ. ಹಾಡು ಸ್ವಚ್ಛವಾಗಿ ಕೇಳಿತು. ಮುಖಗಳು ಮಾತ್ರ ಚೌಕ ಚೌಕ, ಕಾಲು ತಾಗಿ ಅಳಿಸಿದ ರಂಗೋಲಿಯ ಹಾಗೆ. ಎರಡನೇ ಸಾಲಿನಲ್ಲಿ ಹಸಿರು ಸೀರೆ ಇತ್ತು, ಅವಳಿರಲಿಲ್ಲ.

ಜೋಗೇಶ್ವರಿಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಮಂಗಳೂರು ಕಡೆಯವರೊಬ್ಬರಿದ್ದಾರೆ. ನನ್ನಷ್ಟೇ ವಯಸ್ಸು, ಮನೆಮಾತು ತುಳು. ಫೋನ್ ಮಾಡಿ, ಎಲ್ಲಾ ಮಂಜು ಮಂಜು ಕಾಣಸ್ತದ್ರಿ ಎಂದೆ. ಬಣ್ಣ ಇಳಿಸಿ ಎಂದರು. ಇಳಿಸಿದೆ. ಇನ್ನೂ ಮಂಜು ಎಂದೆ. ಇನ್ನೂ ಇಳಿಸಿ ಎಂದರು. ಹೀಗೇ ಕಾಲು ತಾಸು. ತುಳುವಿನಲ್ಲಿ ಮಂಜಲ್ ಎಂದರೆ ಅರಿಶಿನ, ಹಳದಿ ಎಂದು ಧಾರವಾಡದವನಾದ ನನಗೇನು ಗೊತ್ತು? ಚಿತ್ರವೆಲ್ಲ ಹಳದಿಯಾಗಿದೆ ಎಂದು ಅವರು ತಿಳಿದಿದ್ದರು. ಕೊನೆಗೆ ಅವಳ ಹಸಿರು ಸೀರೆಯೂ ಬೂದಿಯ ಬಣ್ಣಕ್ಕೆ ಬಂತು. ಕೆಟ್ಟ ಸಿಟ್ಟು ಬಂದು, ನಿಮಗ ಕನ್ನಡ ತಿಳೀತದೋ ಇಲ್ಲೋ ಎಂದು ರೇಗಿ ಫೋನಿಟ್ಟೆ. ಆಮೇಲೆ ನಾಲ್ಕು ದಿನ ನಾನು ಹಾಲಿನವನೊಬ್ಬನನ್ನು ಬಿಟ್ಟು ಯಾರ ಜೊತೆಯೂ ಮಾತಾಡಲಿಲ್ಲ.

ಪುಣ್ಯಾತ್ಮ, ಬೇಜಾರು ಮಾಡಿಕೊಳ್ಳದೆ ಭಾನುವಾರ ಲೋಕಲ್ ರೈಲು ಹಿಡಿದು ತಾವೇ ಬಂದರು. ಮಂಜು, ಮಂಜಲ್ ಎರಡನ್ನೂ ಬಿಡಿಸಿ ಹೇಳಿ ನಕ್ಕರು. ಬಣ್ಣ ಸರಿ ಮಾಡಿದರು, ಹೊಸ ವೈರು ಹಾಕಿದರು, ಅಗಲಕ್ಕೆ ಎಳೆದುಕೊಂಡಿದ್ದ ಚಿತ್ರವನ್ನು ಹಳೇ ಅಳತೆಗೆ ತಂದರು. ಸೀರೆ ಹಸಿರಾಯಿತು, ಮುಖ ಬರಲಿಲ್ಲ. ಡಿಸ್ಕು ಹೊರತೆಗೆದು ಅದರ ಮೇಲೆ ನಾನು ಬರೆದಿದ್ದನ್ನು ಓದಿದರು. ಎಂಟು ತಾಸು ಎಂದಿತ್ತು.

"ಟಿವಿಯ ತಪ್ಪಲ್ಲ ಮಾರಾಯ್ರೆ. ಎರಡು ಗಂಟೆಯ ಡಿಸ್ಕಿಗೆ ನೀವು ಎಂಟು ಗಂಟೆ ತುಂಬಿಸಿದ್ದೀರಿ. ಮುಖ ಆವತ್ತೇ ಹೋಗಿ ಆಗಿದೆ. ಹಳೇ ಸಣ್ಣ ಟಿವಿಯಲ್ಲಿ ಅದು ಗೊತ್ತಾಗಲಿಲ್ಲ, ಅಷ್ಟೆ."

ತುಂಬಿಸಿದವನು ನಾನೇ. ಜೀವನವಿಡೀ ಕಂಪನಿಯ ಗೋದಾಮು ನೋಡಿಕೊಂಡವನು, ಖಾಲಿ ಜಾಗ ಕಂಡರೆ ನನಗೆ ಸಮಾಧಾನವಿರುತ್ತಿರಲಿಲ್ಲ. ಕ್ರಿಕೆಟ್ಟಿಗೆ ಜಾಗ ಉಳಿಯಲಿ ಎಂದು ಅವಳ ಹಾಡನ್ನು ಹಿಂಡಿ ಹಾಕಿದ್ದೆ. ಆ ಮ್ಯಾಚುಗಳಲ್ಲಿ ಯಾರು ಗೆದ್ದರೆಂಬುದೂ ಈಗ ನೆನಪಿಲ್ಲ.

ಏನೂ ಮಾಡಲಾಗುವುದಿಲ್ಲವೇ ಎಂದು ಕೇಳಿದೆ. ಅವರು ಡಿಸ್ಕನ್ನು ನನ್ನ ಕೈಗಿಟ್ಟು, ದೂರ ನಿಂತು ನೋಡಿ ಮಾರಾಯ್ರೆ, ದೂರ ಹೋದಷ್ಟೂ ಒಂಚೂರು ಕೂಡಿಕೊಳ್ಳುತ್ತದೆ ಎಂದು ಹೇಳಿ ಹೊರಟರು.

ಹತ್ತು ಅಡಿಯ ಕೋಣೆಯಲ್ಲಿ ಎಲ್ಲಿಯ ದೂರ? ಹಾಡು ಹಚ್ಚಿ ಮಂಚದಿಂದೆದ್ದು ಹಿಂದೆ ಹಿಂದೆ ಸರಿದೆ. ಅಡುಗೆಮನೆಯ ಬಾಗಿಲಿಗೆ ಬೆನ್ನು ತಾಗಿತು. ಅಲ್ಲಿಂದ ಚೌಕಗಳು ಕೂಡಿಕೊಂಡವು. ಅವಳು ಮುಖ ಒರೆಸಿಕೊಂಡಳು, ನಕ್ಕಳು.

ಮತ್ತೆ ಹಚ್ಚಿದೆ, ಮತ್ತೆ ಅಲ್ಲೇ ನಿಂತು ನೋಡಿದೆ. ಬಾಗಿಲ ಚೌಕಟ್ಟು ಭುಜಕ್ಕೆ ಒತ್ತುತ್ತಿತ್ತು. ಒಲೆಯ ಮೇಲೆ ಒಂದು ಕಣ್ಣಿಟ್ಟು ಅವಳು ಮೂವತ್ತು ವರ್ಷ ಟಿವಿ ನೋಡಿದ್ದು ಇಲ್ಲಿಂದಲೇ. ಮಂಚದ ಮೇಲೆ ಜಾಗವಿತ್ತು. ಬಾ, ಕೂತು ನೋಡು ಎಂದು ನಾನು ಒಂದು ದಿನವೂ ಕರೆಯಲಿಲ್ಲ.