ಅಮಾವಾಸ್ಯೆಯ ದಿನ ಕೂಡಿದ ಗ್ರಾಮಸಭೆ

ನನ್ನ ತಂಗಿ ಏಳನೆಯ ಇಯತ್ತೆಯಲ್ಲಿ ಶಾಲೆಗೇ ಮೊದಲ ನಂಬರು ಬಂದಳು. ಮರುವಾರವೇ ಅವ್ವ ಅವಳನ್ನು ಶಾವಿಗೆ ಮಣೆಯ ಮುಂದೆ ಕೂರಿಸಿದಳು. ಅವಳ ಓದು ಮುಗಿಯಿತು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ನಮ್ಮೂರಿನ ಹೆಣ್ಣುಮಕ್ಕಳ ಓದು ಮುಗಿಯುತ್ತಿದ್ದದ್ದೇ ಅಲ್ಲಿಗೆ.

ನಮ್ಮೂರು ಐನಾಪುರಕ್ಕೂ ಕಾಗವಾಡಕ್ಕೂ ನಡುವೆ, ಕೃಷ್ಣಾ ನದಿಯ ಬಗಲಿಗಿದೆ. ಎಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ಅದೆಲ್ಲ ಅಥಣಿ ತಾಲ್ಲೂಕೇ. ಊರಲ್ಲಿ ಏಳರ ತನಕ ಶಾಲೆಯಿತ್ತು. ಎಂಟಕ್ಕೆ ಐನಾಪುರಕ್ಕೆ ನಡೆಯಬೇಕು, ಶಾಲೆಯ ಹೊತ್ತಿಗೆ ಸರಿಹೋಗುವ ಬಸ್ಸಿಲ್ಲ. ದಾರಿಯುದ್ದಕ್ಕೂ ಎರಡೂ ಕಡೆ ಕಬ್ಬು. ಮಳೆಗಾಲ ಕಳೆದರೆ ಅದು ಆಳೆತ್ತರ ನಿಂತು, ಒಳಗೆ ಯಾರಿದ್ದಾರೆ, ಯಾರಿಲ್ಲ ಎಂದು ತಿಳಿಯುತ್ತಿರಲಿಲ್ಲ. ಗಂಡುಹುಡುಗರು ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ಹೆಣ್ಣುಮಕ್ಕಳು ಶಾವಿಗೆ ಮಣೆಗೆ ಬರುತ್ತಿದ್ದರು.

ಹಾಗಾದರೆ ಹೆಣ್ಣಾದ ನಾನು ಹೇಗೆ ಓದಿದೆ? ಅಥಣಿಯಲ್ಲಿ ಅವ್ವನ ತವರಿತ್ತು, ಅಜ್ಜಿ ನನ್ನನ್ನು ಇಟ್ಟುಕೊಂಡು ಓದಿಸಿದಳು. ನಾನು ಬಿ.ಎ. ಕೊನೆಯ ಪರೀಕ್ಷೆ ಬರೆಯುವ ಹೊತ್ತಿಗೆ ಅಜ್ಜಿ ತೀರಿಕೊಂಡಳು. ಸೋದರಮಾವ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೆಲಸ ಸಿಕ್ಕಿತೆಂದು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಒಂದೇ ಖೋಲಿಯ ಮನೆಗೆ ಹೋದ. ನಾನು ದಾಟಿದ ಮೇಲೆ ಸೇತುವೆ ಕುಸಿದ ಹಾಗಾಯಿತು. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯ ಮೇಲೆ. ಅಪ್ಪನೊಂದಿಗೆ ಜಗಳಕ್ಕೆ ನಿಂತೆ.

ಅಪ್ಪ ಕೆಟ್ಟವನಲ್ಲ. ಜಗಳವಾಡುವವನೂ ಅಲ್ಲ. ಅವನದು ಉಪಾಯದ ಬುದ್ಧಿ.

"ಊರಾಗ ಎಂಟನೇತ್ತಾ ವರ್ಗ ಬರಲಿ, ನಾ ಯಾಕ ಬ್ಯಾಡ ಅನ್ಲಿ? ಕಬ್ಬಿನಾಗ ಹಾದು ಹೋಗೂದು ಮಾತ್ರ ಆಗಂಗಿಲ್ಲ" ಅಂದ.

"ಮತ್ತ ಶಿರೋಳದ ಕಡೆಯವ್ರು ಬಂದು ಹುಡುಗೀನ್ನ ನೋಡಿಕೊಂಡು ಹೋಗ್ತೀವಿ ಅಂತಾರಲ್ಲ?"

"ಮುಂದಿನ ಜೂನ್ ತನಕ ತಡೀತೀನಿ. ಅಷ್ಟರಾಗ ಎಂಟನೇತ್ತಾ ಬರ್ಲಿಲ್ಲಂದ್ರ, ನನ್ನ ಮುಂದ ಮತ್ತ ಬಾಯಿ ತೆಗೀಬ್ಯಾಡ."

ಸರಕಾರ ಒಂದು ವರ್ಷದಲ್ಲಿ ಏನನ್ನೂ ಮಾಡುವುದಿಲ್ಲ ಎಂಬ ಗಟ್ಟಿ ನಂಬಿಕೆಯ ಮೇಲೆ ಕೊಟ್ಟ ಮಾತು ಅದು. ನನಗೂ ಅದು ಗೊತ್ತಿತ್ತು. ಆದರೂ ಮಾತು ಮಾತೇ ಎಂದು ಗಂಟು ಹಾಕಿಕೊಂಡೆ.

ಆಗಷ್ಟೇ ಮಂಡಲ ಪಂಚಾಯ್ತಿಗಳು ಬಂದಿದ್ದವು. ಊರಿನ ಕೆಲಸ ಯಾವುದಾಗಬೇಕು ಎಂದು ಊರೇ ಕೂತು ಠರಾವು ಮಾಡಬೇಕು, ವರ್ಷಕ್ಕೆ ಎರಡು ಸಲ ಗ್ರಾಮಸಭೆ ಕೂಡಬೇಕು ಎಂದು ಹೊಸ ಕಾಯ್ದೆ ಹೇಳುತ್ತಿತ್ತು. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಊರಲ್ಲಿ ಮಾತ್ರ ಅಂಥ ಸಭೆಯನ್ನು ಕಂಡವರಿರಲಿಲ್ಲ. ನಾನು, ನನ್ನ ಕಾಕಾನ ಮಗ, ಅವನ ಗೆಳೆಯನಾದ ದರ್ಜಿಯವರ ಹುಡುಗ, ಮೂವರೂ ಮಂಡಲದ ಕಾರ್ಯದರ್ಶಿಯನ್ನು ಹುಡುಕಿಕೊಂಡು ಹೋದೆವು.

"ಗ್ರಾಮಸಭಾ ಯಾವಾಗರಿ?" ಎಂದು ನಾನೇ ಕೇಳಿದೆ.

"ಆಗೇತಲ್ಲ ತಂಗಿ, ಹೋದ ತಿಂಗಳ."

"ಎಲ್ಲಿ ಆತ್ರಿ?"

"ಇಲ್ಲೇ."

"ಯಾರ್ಯಾರ ಬಂದಿದ್ರು?"

"ಯಾರ ಬರಬೇಕಿತ್ತೋ ಅವ್ರು ಬಂದಿದ್ರು" ಎಂದು ಎಲೆಗೆ ಸುಣ್ಣ ಹಚ್ಚಿದರು.

ಚಹಾದ ಅಂಗಡಿಯಲ್ಲಿ ಕೂತವರಿಂದ ಸಹಿ ಹಾಕಿಸಿಕೊಂಡದ್ದೇ ಸಭೆಯಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಹಾಗೆ. ನಾವು ಅಲ್ಲಿಂದ ಏಳಲಿಲ್ಲ. ಅವರು ಊಟಕ್ಕೆ ಹೊರಟರೆ ಬಾಗಿಲಲ್ಲಿ ನಿಂತೆವು. ಊಟ ಮಾಡಿ ಬಂದರೆ ಅಲ್ಲೇ ಇದ್ದೆವು. ಹೀಗೆ ಕೆಲವು ದಿನ ನಡೆದ ಮೇಲೆ ಅವರಿಗೇ ಬೇಸರ ಬಂದು, "ದಿನಾ ನೀವs ಗೊತ್ತ ಮಾಡ್ರಿ, ಜನಾನೂ ನೀವs ಕೂಡಿಸ್ರಿ" ಎಂದರು.

ದಿನ ಗೊತ್ತುಮಾಡಲು ನಾವು ಮೂವರೂ ಬಹಳ ತಲೆ ಓಡಿಸಿದೆವು. ಹಗಲು ಇಟ್ಟರೆ ಜನ ಹೊಲದಲ್ಲಿರುತ್ತಾರೆ, ಹೊತ್ತು ಮುಳುಗುವಾಗ ಇಟ್ಟರೆ ಎಲ್ಲರೂ ಮನೆ ಸೇರಿರುತ್ತಾರೆ ಎಂದು ಕಾಕಾನ ಮಗ ಹೇಳಿದ. ದರ್ಜಿಯವರ ಹುಡುಗ ಹೌದೆಂದ. ನಾನೂ ಹೌದೆಂದೆ. ಡಂಗುರ ಸಾರಿಸಿದೆವು. ಶಾಲೆಯ ಅಂಗಳ ಗುಡಿಸಿ, ಗುಡಿಯಿಂದ ಜಮಖಾನೆ ತಂದು ಹಾಸಿದೆವು. ಕಾರ್ಯದರ್ಶಿ ಲೂನಾದ ಮೇಲೆ ಬಂದು ಕುರ್ಚಿಯಲ್ಲಿ ಕೂತರು.

ಒಂದು ನರಪಿಳ್ಳೆಯೂ ಬರಲಿಲ್ಲ.

ಬರುವುದಾದರೂ ಹೇಗೆ? ಊರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆ ನಮ್ಮವೇ, ಜೈನರವು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಅದರಲ್ಲೂ ಅದು ಚಾತುರ್ಮಾಸ. ಉಳಿದ ದಿನ ಕದ್ದು ಮುಚ್ಚಿ ರಾತ್ರಿ ಉಣ್ಣುವವರೂ ಆಗ ಕಟ್ಟುನಿಟ್ಟಾಗಿರುತ್ತಿದ್ದರು. ಆ ಹೊತ್ತಿಗೆ ಪ್ರತಿ ಮನೆಯಲ್ಲೂ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು, ಗಂಡಸರು ಸೂರ್ಯನನ್ನು ನೋಡುತ್ತ ಗಬಗಬ ಉಣ್ಣುತ್ತಿದ್ದರು. ಮುಸಲ್ಮಾನರ ಓಣಿಯವರು ಸಂಜೆಯ ನಮಾಜಿಗೆ ಹೋಗಿದ್ದರು. ದರ್ಜಿಯವರ ಹುಡುಗನೂ ನಮ್ಮನ್ನು ಜಮಖಾನೆಯ ಮೇಲೆ ಬಿಟ್ಟು ಅಲ್ಲಿಗೇ ಹೋಗಿದ್ದ. ಮಿಕ್ಕವರು ಹಾಲಿನ ಚರಿಗೆ ಹಿಡಿದು ಡೇರಿಯ ಮುಂದೆ ಸಾಲು ನಿಂತಿದ್ದರು. ಹುಟ್ಟಿದಂದಿನಿಂದ ಇದನ್ನೆಲ್ಲ ನೋಡುತ್ತ ಬೆಳೆದ ಮೂವರು, ಇಡೀ ದಿನದಲ್ಲಿ ಊರಿಗೆ ಪುರಸೊತ್ತೇ ಇಲ್ಲದ ಹೊತ್ತನ್ನು ಆರಿಸಿ ಸಭೆ ಕರೆದಿದ್ದೆವು.

ಕಾರ್ಯದರ್ಶಿ ನಗುತ್ತ ಎದ್ದರು. "ಜನಕ್ಕ ಬ್ಯಾಡಾದ ಸಭಾ ನಿಮಗ್ಯಾಕ ಬೇಕ ತಂಗಿ?" ಎಂದು ಲೂನಾ ಏರಿದರು.

ಮನೆಗೆ ಬಂದರೆ ಅಪ್ಪ ಉಂಡು ಕೈತೊಳೆದು ಜಗಲಿಯಲ್ಲಿ ಕೂತಿದ್ದ. "ಸರಕಾರ ತಿದ್ದಾಕ ಹೊಂಟವ್ರಿಗೆ ಸೂರ್ಯ ಮುಣಗೂ ಹೊತ್ತs ಗೊತ್ತಿಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ನಕ್ಕ. ಅವ್ವನೂ ನಕ್ಕಳು. ತಂಗಿ ಮಾತ್ರ ನಗಲಿಲ್ಲ. ಅವಳು ನನ್ನ ಕಡೆ ನೋಡಿ ಒಳಗೆ ಹೋದಳು. ಹೊತ್ತು ಮುಳುಗಿತ್ತಾದ್ದರಿಂದ ಆ ದಿನ ನನಗೆ ಊಟವೂ ಇಲ್ಲ.

ಹಸಿದ ಹೊಟ್ಟೆಗೆ ಬುದ್ಧಿ ಚುರುಕು. ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಜಾತಿ ಯಾವುದೇ ಇರಲಿ, ಆ ದಿನ ಹೊಲಕ್ಕೆ ರಜೆ. ಮಧ್ಯಾಹ್ನ ಉಂಡ ಮೇಲೆ ಗಂಡಸರು ಕಟ್ಟೆಯ ಮೇಲೆ ಕೂತು ಸುಮ್ಮನೆ ಹೊತ್ತು ಕಳೆಯುತ್ತಾರೆ. ಅದೇ ಹೊತ್ತು ಹಿಡಿಯಬೇಕು ಎಂದು ಬೆಳಗಾಗುತ್ತಲೇ ಕಾಕಾನ ಮಗನನ್ನು ಕರೆದುಕೊಂಡು ಕಾರ್ಯದರ್ಶಿಯ ಬಾಗಿಲಿಗೆ ಹೋದೆ.

"ಅಮಾಸಿ ದಿನಾ ಯಾರರ ಹೊಸಾ ಕೆಲಸ ಚಾಲೂ ಮಾಡ್ತಾರೇನಬೇ?" ಎಂದು ಅವರು ಹುಬ್ಬು ಗಂಟಿಕ್ಕಿದರು.

"ಹೊಸಾದೆಲ್ಲಿ ಐತ್ರಿ? ಮೊದಲಿನ ಸಭಾ ಆಗಿ ಹೋಗೇತಿ ಅಂತ ನೀವs ಹೇಳೀರಲ್ಲ" ಎಂದೆ.

ಕಾಕಾನ ಮಗ ಪಕ್ಕನೆ ನಕ್ಕುಬಿಟ್ಟ. ಕಾರ್ಯದರ್ಶಿ ನಗಲಿಲ್ಲ, ಆದರೆ ದಿನ ಬರೆದುಕೊಂಡರು.

ಈ ಸಲ ಡಂಗುರವನ್ನು ನಂಬಲಿಲ್ಲ. ತೋಟದ ವಸತಿಗಳಿಗೂ ನಾವೇ ಹೋದೆವು, ಮನೆಯ ಹೆಂಗಸರನ್ನು ಮಾತಾಡಿಸಿದೆವು. ಎಂಟನೆಯ ಇಯತ್ತೆಯ ಮಾತೆತ್ತಿದರೆ ಮೊದಲು ನಳದ ನೀರಿನ ಮಾತು ಬರುತ್ತಿತ್ತು, ಬೀದಿದೀಪದ ಮಾತು ಬರುತ್ತಿತ್ತು. ನನಗೆ ಒಳಗೊಳಗೆ ಸಿಟ್ಟು. ಆದರೆ ದರ್ಜಿಯವರ ಹುಡುಗ ಸಮಾಧಾನದವನು. "ಅದನ್ನೂ ಸಭಾದಾಗs ಹೇಳ್ರಿ ಅಕ್ಕಾ, ಅದಕ್ಕs ಸಭಾ ಐತಿ" ಅನ್ನುತ್ತಿದ್ದ. ಕೊನೆಗೆ ಮಗಳ ಮಾತು ಬಂದಾಗ ಎಲ್ಲರದೂ ಒಂದೇ ರಾಗ. ಕಳಿಸಲು ನಮ್ಮದೇನೂ ತಕರಾರಿಲ್ಲ, ಆದರೆ ಬಾಜೂ ಮನೆಯವರು ಮೊದಲು ಕಳಿಸಲಿ. ಬಾಜೂ ಮನೆಗೆ ಹೋದರೆ ಅವರೂ ಹಾಗೇ ಅನ್ನುತ್ತಿದ್ದರು.

ಅಮಾವಾಸ್ಯೆಯ ಮಧ್ಯಾಹ್ನ ಶಾಲೆಯ ಅಂಗಳ ತುಂಬಿತು. ಗಂಡಸರು ಒಂದು ಕಡೆ, ಸೆರಗು ಹೊದ್ದ ಹೆಂಗಸರು ಇನ್ನೊಂದು ಕಡೆ. ಮಂಡಲದ ಪ್ರಧಾನರು ಬಂದರು. ನೀರಿನ ಮಾತಾಯಿತು, ದೀಪದ ಮಾತಾಯಿತು, ಜಗಳವೂ ಆಯಿತು. ಆಮೇಲೆ ಕಾಕಾನ ಮಗ ಎದ್ದು ನಿಂತು, ಊರಿಗೆ ಎಂಟನೆಯ ಇಯತ್ತೆ ಬೇಕೆಂದು ಠರಾವು ಮಾಡಿರಿ ಎಂದ.

ಕಾರ್ಯದರ್ಶಿ ಪೆನ್ನಿನ ಟೋಪಿ ತೆಗೆದರು. "ಆಗಲಿ. ಆದ್ರ ಬರೇ ಠರಾವ್ ಕಳಿಸಿದ್ರ ಮ್ಯಾಲಿನವ್ರು ಒಪ್ಪಂಗಿಲ್ಲ. ಗಂಡ ಹುಡುಗ್ರು ಹೆಂಗೂ ಐನಾಪುರಕ್ಕ ಹೋಗ್ತಾರ. ವರ್ಗ ತೆಗದ್ರ ಯಾರ್ಯಾರ ಹೆಣ್ಣಮಕ್ಕಳು ಬರ್ತಾರ, ಅವ್ರ ಹೆಸರ ಬೇಕು. ಹೇಳ್ರಿ, ಬರಕೋತೀನಿ."

ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಮೊದಲು ಮಗಳ ಹೆಸರು ಹೇಳಿದವನ ಮನೆಯ ಮಾತು ನಾಳೆ ಊರ ಬಾಯಲ್ಲಿ. ಎಲ್ಲರೂ ಪಕ್ಕದವನ ಮುಖ ನೋಡಿದರು. ನಾನು ಅಪ್ಪನ ಕಡೆ ನೋಡಿದೆ. ಅವನು ನೆಲದಲ್ಲಿ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದ. ಅವನ ಉಪಾಯ ಅಲ್ಲಿ ತಿರುವಿ ಹಾಕಿದಂತಾಗಿತ್ತು. ವರ್ಗ ಬಂದರೆ ಮಗಳನ್ನು ಕಳಿಸುತ್ತೇನೆ ಎಂದವನು ಅವನು. ಮಗಳನ್ನು ಕಳಿಸಿದರೆ ಮಾತ್ರ ವರ್ಗ ಬರುತ್ತದೆ ಎನ್ನುತ್ತಿದ್ದರು ಇವರು.

"ಒಂದೂ ಹೆಸರಿಲ್ಲ? ಹಂಗಾರ ಮುಂದಿನ ವಿಷಯ ತಗೋರಿ" ಎಂದರು ಪ್ರಧಾನರು.

ನಾನು ಏಳುವುದರೊಳಗೆ ಹೆಂಗಸರ ನಡುವಿನಿಂದ ನನ್ನ ತಂಗಿ ಎದ್ದು ನಿಂತಳು. ಅವ್ವ ಅವಳ ಲಂಗ ಹಿಡಿದು ಜಗ್ಗಿದಳು. ಅವಳು ಕೂರಲಿಲ್ಲ. "ನನ್ನ ಹೆಸರ ಬರಕೋರಿ" ಎಂದು ಹೆಸರು ಹೇಳಿದಳು.

"ನಿಮ್ಮಪ್ಪನ ಒಪ್ಪಿಗಿ ಐತೇನಬೇ?" ಎಂದು ಕೇಳಿದರು ಕಾರ್ಯದರ್ಶಿ.

"ಅಲ್ಲೇ ಕುಂತಾನ. ನೀವs ಕೇಳ್ರಿ."

ಇಡೀ ಊರು ಅಪ್ಪನ ಕಡೆ ತಿರುಗಿತು. ಅವನು ಕಡ್ಡಿ ಬಿಸಾಕಿದ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನು ಬೇಡ ಎಂದರೆ ಆ ಸಭೆಯಷ್ಟೇ ಅಲ್ಲ, ಅವಳೂ ಅಲ್ಲಿಗೇ ಮುಗಿದಳು ಎಂದು ನನಗೆ ಅನಿಸಿತು.

"ಆಕಿನs ಹೇಳ್ಯಾಳಲ್ಲ, ಬರಕೋರಿ" ಎಂದ ಅಪ್ಪ, ಯಾರ ಮುಖವನ್ನೂ ನೋಡದೆ.

ಆಮೇಲೆ ದರ್ಜಿ ತನ್ನ ಚಿಕ್ಕ ಮಗಳ ಹೆಸರು ಹೇಳಿದ. ಅವನ ಹಿಂದೆ ತೋಟದ ವಸತಿಯ ಒಬ್ಬಳು ವಿಧವೆ ಎದ್ದಳು. ಬಾಜೂ ಮನೆಯವರು ಕಳಿಸಿದ ಮೇಲೆ ಇನ್ನೇನು, ಒಬ್ಬರ ಮೇಲೊಬ್ಬರು ಹೇಳಿದ್ದೇ ಹೇಳಿದ್ದು. ಬರೆದುಕೊಳ್ಳುವವರ ಕೈ ನೋಯುವಷ್ಟು ಹೆಸರು ಬಂದವು.

ಠರಾವು ಮಾಡಿದ ಮಾತ್ರಕ್ಕೆ ಶಾಲೆ ಬರಲಿಲ್ಲ, ಬೆನ್ನು ಹತ್ತಬೇಕಾಯಿತು. ಅಥಣಿಗೆ ಹೋದರೆ ಚಿಕ್ಕೋಡಿಗೆ ಹೋಗಿ ಅನ್ನುವರು, ಚಿಕ್ಕೋಡಿಯಿಂದ ಮತ್ತೆಲ್ಲಿಗೋ. ನಮ್ಮ ಪದ್ಧತಿ ಒಂದೇ. ಪ್ರತಿ ಸಲ ಬೇರೆಬೇರೆಯವರು ಹೋಗುವುದು, ಹೋದವರು ಅದೇ ಪ್ರಶ್ನೆ ಕೇಳುವುದು. ಒಮ್ಮೆ ನಾನು, ಒಮ್ಮೆ ದರ್ಜಿಯವರ ಹುಡುಗ, ಒಮ್ಮೆ ಆ ವಿಧವೆಯ ಮೈದುನ. "ನಿಮ್ಮೂರಾಗ ಎಷ್ಟ ಮಂದಿ ಅದೀರೋ ಮಾರಾಯಾ!" ಎಂದು ಒಬ್ಬ ಗುಮಾಸ್ತರು ಕೈಮುಗಿದರಂತೆ. ಚಳಿಗಾಲ ಕಳೆಯಿತು, ಕಬ್ಬು ಕಾರ್ಖಾನೆಗೆ ಹೋಯಿತು, ಶಿರೋಳದ ಕಡೆಯವರು ಎರಡನೆಯ ಸಲ ಹೇಳಿಕಳಿಸಿದರು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆ ಬೇಸಿಗೆ ನಾನು ಕ್ಯಾಲೆಂಡರ್ ಕಡೆ ನೋಡಲೇ ಹೆದರುತ್ತಿದ್ದೆ.

ಜೂನ್ ತಿಂಗಳಲ್ಲಿ ಆದೇಶ ಬಂತು. ಕೋಣೆಯಿರಲಿಲ್ಲ, ಬೆಂಚಿರಲಿಲ್ಲ, ಒಬ್ಬರೇ ಮಾಸ್ತರರು. ಗೋದಾಮಿನಂತಿದ್ದ ಒಂದು ಖೋಲಿಯನ್ನು ಊರವರೇ ಸುಣ್ಣ ಬಳಿದು ಕೊಟ್ಟರು. ತಂಗಿ ಹೋದಳು. ಶಿರೋಳದ ಮಾತು ತಾನಾಗಿಯೇ ತಣ್ಣಗಾಯಿತು. ಮಾಸ್ತರರು ದಿನಾ ಬರುತ್ತಾರೋ ಇಲ್ಲವೋ ಎಂದು ನಾವು ಮೂವರು ಪಾಳಿ ಹಾಕಿಕೊಂಡು ನೋಡುತ್ತಿದ್ದೆವು. ಪಾಪ, ಅವರು ಒಳ್ಳೆಯವರು, ನಮ್ಮ ಕಾಟ ತಾಳಿಕೊಂಡರು.

ತೊಂಬತ್ತರ ದಶಕದಲ್ಲಿ ಮತ್ತೆ ಕಾಯ್ದೆ ಬದಲಾಯಿತು, ಮಂಡಲ ಹೋಗಿ ಗ್ರಾಮ ಪಂಚಾಯ್ತಿ ಬಂತು. ಆಗ ನಾನು ರಾಯಬಾಗ, ಹಾರೂಗೇರಿ ಕಡೆಯ ಹಳ್ಳಿಗಳಿಗೆ ಹೋಗಿ ಹುಡುಗ ಹುಡುಗಿಯರ ಜೊತೆ ಕೂತು ಸಭೆ ಕೂಡಿಸುವುದನ್ನು ಹೇಳಿಕೊಡುತ್ತಿದ್ದೆ. ಸಭೆಯ ಹೊತ್ತನ್ನು ಕಚೇರಿಯಲ್ಲ, ಊರ ಹೆಂಗಸರು ಗೊತ್ತುಮಾಡಬೇಕು ಎಂದು ಸಿಕ್ಕ ಅಧಿಕಾರಿಗಳ ಮುಂದೆಲ್ಲ ವಾದ ಮಾಡಿದೆ. ಕೆಲವರು ಒಪ್ಪಿದರು, ಕೆಲವರು ನಕ್ಕರು. ಹಳ್ಳಿಯ ಹುಡುಗರು ಮಾತ್ರ, ಅಕ್ಕಾ, ಇಷ್ಟೆಲ್ಲ ಒದ್ದಾಡಿ ಏನು ಬಂತು ಎಂದು ಕೇಳುವರು. ಅವರಿಗೆ ನಾನು ಎಂಟನೆಯ ಇಯತ್ತೆ ಬಂದ ವರ್ಷದ ಇನ್ನೊಂದು ಸಭೆಯ ಕತೆ ಹೇಳುತ್ತಿದ್ದೆ.

ಅದೂ ಅಮಾವಾಸ್ಯೆಯೇ. ಜನ ಮೊದಲಿನಷ್ಟಿರಲಿಲ್ಲ. ಕಾರ್ಯದರ್ಶಿ ಲೆಕ್ಕಪತ್ರ ಓದಿ, "ಎಂಟನೇತ್ತಾ ಬಂತು, ಊರ ಆಸೆ ಪೂರಾ ಆತು, ಇನ್ನ ಸಭಾ ಮುಗಸೂನ್ರಿ" ಎಂದು ಏಳತೊಡಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಯಾರೋ ಎದ್ದರು. ನೋಡಿದರೆ ಅಪ್ಪ. ಸಭೆಯಲ್ಲಿ ಅವನು ತಾನಾಗಿ ಎದ್ದು ಮಾತಾಡಿದ್ದನ್ನು ಅಲ್ಲಿಯ ತನಕ ನಾನು ಕಂಡಿರಲಿಲ್ಲ.

"ಕುಂದರ್ರಿ ಸಾಹೇಬ್ರ, ಗಡಬಡಿ ಯಾಕ?" ಎಂದ ಅವನು. "ಎಂಟನೇತ್ತಾ ಮುಗದ ಮ್ಯಾಲ ನನ್ನ ಮಗಳ ಎಲ್ಲಿ ಹೋಗಬೇಕ್ರಿ? ಒಂಬತ್ತನೇತ್ತಾದ ಠರಾವ್ ಮೊದಲ ಬರೀರಿ."