ಮೊದಲ ಸುತ್ತು ಅತ್ತೆಯದು

ನಮ್ಮ ಮನೆಗೆ ವಾಷಿಂಗ್ ಮೆಷಿನ್ ಬಂದದ್ದು ನನಗೋಸ್ಕರ ಅಲ್ಲ, ಅತ್ತೆಯ ಸೊಂಟ ಉಳಿಸುವುದಕ್ಕೋಸ್ಕರ. ಯಡಿಯೂರು ಕೆರೆಗೆ ಹತ್ತಿರವಿರುವ ಈ ಹಳೆಯ ಮನೆಯ ಹಿಂಭಾಗದಲ್ಲಿ ಒಂದು ಒಗೆಯುವ ಕಲ್ಲಿದೆ. ಮಾವ ಮನೆ ಕಟ್ಟಿಸುವಾಗಲೇ ಹಾಕಿಸಿದ್ದು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಅದರ ಪಕ್ಕ ಪಾಚಿಗಟ್ಟಿದ್ದ ಜಾಗದಲ್ಲಿ ಕಾಲು ಜಾರಿ ಅತ್ತೆ ಬಲಗೈಯ ಮಣಿಕಟ್ಟು ಮುರಿದುಕೊಂಡರು. ಜಯನಗರದ ಮೂಳೆ ಡಾಕ್ಟರು ಪ್ಲಾಸ್ಟರ್ ಬಿಚ್ಚಿಸಿದ ದಿನ, "ಅಜ್ಜಿ, ಈ ಸಲ ಕೈಯಲ್ಲೇ ಹೋಯ್ತು. ಇನ್ನೊಂದು ಸಲ ಬಿದ್ರೆ ಸೊಂಟ. ಆಮೇಲೆ ಹಾಸಿಗೆನೇ ಗತಿ. ಆ ಕಲ್ಲಿನ ಹತ್ರ ಹೋಗ್ಬೇಡಿ" ಎಂದರು. ಅತ್ತೆ ವಿನಯವಾಗಿ ತಲೆಯಾಡಿಸಿದರು. ಅವರು ಅಷ್ಟು ವಿನಯವಾಗಿ ತಲೆಯಾಡಿಸಿದರೆ ಕೇಳುವುದಿಲ್ಲ ಎಂದೇ ಅರ್ಥ.

ತಮ್ಮ ಬಟ್ಟೆಯನ್ನು ಅವರು ಎಂದೂ ಯಾರ ಕೈಗೂ ಕೊಟ್ಟವರಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಬಚ್ಚಲಿನಲ್ಲಿದ್ದ ಅವರ ಬಕೆಟ್ಟಿಗೆ ಕೈ ಹಾಕಿದೆ. ಹಿಂದಿನಿಂದ ಬಂದವರೇ, "ಮುಟ್ಬೇಡ. ಮಡಿ ಬಟ್ಟೆ" ಎಂದು ಬಕೆಟ್ಟನ್ನೇ ಎತ್ತಿಕೊಂಡು ಹೋದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹಾಗಾದರೆ ನಾನೇನು ಮೈಲಿಗೆಯೇ ಎಂದು ಒಳಗೊಳಗೇ ಕುದ್ದೆ. ನನ್ನ ತಾಯಿಯ ಮನೆಯಲ್ಲೂ ಮಡಿ ಇತ್ತು, ಆದರೆ ಅದು ಹಬ್ಬದ ದಿನದ ಅಡುಗೆಮನೆಗೆ ಮಾತ್ರ. ಇವರದ್ದು ದಿನವೂ. ಅವರ ಸೀರೆ, ಲಂಗ ಬೇರೆ ಹಗ್ಗದ ಮೇಲೆ ಒಣಗುತ್ತಿದ್ದವು. ಆಮೇಲೆ ನಾನೂ ಆ ಕಡೆ ತಲೆ ಹಾಕಲಿಲ್ಲ.

ಮಣಿಕಟ್ಟು ಮುರಿದ ಮೇಲೆ ಮೆಷಿನ್ ತರುವುದೆಂದು ತೀರ್ಮಾನವಾಯಿತು. ನಾಲ್ಕನೇ ಬ್ಲಾಕಿನ ಅಂಗಡಿಗೆ ಅತ್ತೆಯನ್ನೂ ಕರೆದುಕೊಂಡು ಹೋದೆವು. ನನ್ನ ಗಂಡ ಫೋನಿನಲ್ಲಿ ಏನೇನೋ ಓದಿಕೊಂಡು ಬಂದು ಮುಂದೆ ಬಾಗಿಲಿರುವ ಮೆಷಿನ್ನೇ ಬೇಕೆಂದು ಪಟ್ಟು ಹಿಡಿದಿದ್ದರು. ನೀರು ಉಳಿಯುತ್ತದೆ, ಬಟ್ಟೆ ಸವೆಯುವುದಿಲ್ಲ, ಇತ್ಯಾದಿ. ಅತ್ತೆ ಅದರ ದುಂಡನೆಯ ಗಾಜಿನ ಬಾಗಿಲನ್ನು ನೋಡಿದರು. "ಇದ್ಯಾಕೆ ಗಾಜು? ನಮ್ಮ ಬಟ್ಟೆ ಒಗೆಯೋದನ್ನ ಊರಿಗೆಲ್ಲ ತೋರಿಸ್ಬೇಕಾ?" ಎಂದರು. ಪಕ್ಕದಲ್ಲಿದ್ದ ಟಾಪ್ ಲೋಡಿನ ಮುಚ್ಚಳ ಎತ್ತಿ ಒಳಗೆ ಇಣುಕಿ, "ಇದು ವಾಸಿ, ನಮ್ಮ ಬಚ್ಚಲ ಹಂಡೆ ಇದ್ದ ಹಾಗಿದೆ" ಎಂದರು. ಬಗ್ಗುವ ಕಷ್ಟವೂ ಇಲ್ಲವಲ್ಲ ಎಂದು ನಾನೂ ಅವರ ಪಕ್ಷ ವಹಿಸಿದೆ. ಮೆಷಿನ್ ಬಂದು ಹಿಂದಿನ ಬಾಗಿಲಾಚೆ ಶೀಟಿನ ಕೆಳಗೆ ಕೂತಿತು. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಮುಚ್ಚಳದ ಮೇಲೆ ಹೂವಿಟ್ಟರು. ಇಷ್ಟೆಲ್ಲ ಮಾಡಿ ಮರುದಿನ ಬೆಳಿಗ್ಗೆ ಬಕೆಟ್ ಹಿಡಿದು ನೇರವಾಗಿ ಕಲ್ಲಿನ ಹತ್ತಿರ ಹೋದರು.

"ಎಲ್ಲರ ಬಟ್ಟೆ ತಿರುಗೋ ಡಬ್ಬದಲ್ಲಿ ಮಡಿ ಬಟ್ಟೆ ಹಾಕೋದು ಹ್ಯಾಗೆ?" ಎಂದು ನಮ್ಮನ್ನೇ ಕೇಳಿದರು. ಮಗ ಬೇಡಿಕೊಂಡರು, ಗದರಿದರು, ಕೊನೆಗೆ ಮುನಿಸಿಕೊಂಡು ಒಂದು ಹೊತ್ತು ಊಟ ಬಿಟ್ಟರು. ಯಾವುದಕ್ಕೂ ಅತ್ತೆ ಜಗ್ಗಲಿಲ್ಲ. ಮಡಿ ಎಂಬ ಮಾತು ಬಂದರೆ ನಮ್ಮಂಥ ಮನೆಗಳಲ್ಲಿ ಎಲ್ಲರ ಬಾಯಿಯೂ ಕಟ್ಟಿಹೋಗುತ್ತದೆ. ನಾನು ಪಾಚಿ ಉಜ್ಜಿ ಉಜ್ಜಿ ತೆಗೆದೆ, ರಬ್ಬರ್ ಮ್ಯಾಟ್ ಹಾಕಿಸಿದೆ. ಆದರೂ ಹಿಂದುಗಡೆ ಒಂದು ಚೊಂಬು ಬಿದ್ದ ಸದ್ದಾದರೆ ಎದೆ ಧಸಕ್ಕೆನ್ನುತ್ತಿತ್ತು.

ನಮ್ಮ ಬಟ್ಟೆಗಳೇನೋ ಮೆಷಿನ್ನಿಗೆ ಒಗ್ಗಿಕೊಂಡವು. ಹೊದಿಕೆಗಳು ಒಂದೇ ಕಡೆ ಸೇರಿಕೊಂಡರೆ ಅದು ಗಡಗಡ ನಡುಗುತ್ತಾ ಗೋಡೆಯಿಂದ ಮುಂದಕ್ಕೆ ಬಂದುಬಿಡುತ್ತಿತ್ತು. ಕಾವೇರಿ ನೀರು ಬಾರದ ದಿನ ಟ್ಯಾಂಕಿನಲ್ಲಿ ನೀರು ಕಡಿಮೆಯಾಗಿ, ಅರ್ಧಕ್ಕೇ ನಿಂತು ಕುಂಯ್‌ಗುಡುತ್ತಿತ್ತು. ನನ್ನದೊಂದು ಕೆಂಪು ಚೂಡಿದಾರದ ದೆಸೆಯಿಂದ ಗಂಡನ ಪಂಚೆಗಳು ಗುಲಾಬಿಯಾದವು, ಅವನ್ನು ಅವರು ಈಗಲೂ ಮನೆಯಲ್ಲಿ ಉಟ್ಟು ಓಡಾಡಿ ನನಗೆ ಬೇಕೆಂದೇ ನೆನಪಿಸುತ್ತಾರೆ. ಒಗೆದು ಮುಗಿದಾಗ ಅದು ಹಾಡುವ ಪುಟ್ಟ ರಾಗಕ್ಕೆ ಅಡುಗೆಮನೆಯಲ್ಲಿ ನಾನೂ ದನಿಗೂಡಿಸುತ್ತಿದ್ದೆ.

ಇದರ ನಡುವೆ ಅತ್ತೆ ಸ್ವಲ್ಪ ಸ್ವಲ್ಪವೇ ಮನೆಯೊಳಗೆ ಸೇರಿಕೊಳ್ಳತೊಡಗಿದರು. ಸಂಜೆ ಕೆರೆಯ ಸುತ್ತ ನಡೆಯುವುದನ್ನು ಬಿಟ್ಟರು. ನಾದಿನಿಯ ಮಗಳ ಸೀಮಂತಕ್ಕೆ ಬನಶಂಕರಿಯವರೆಗೂ ಬರಲಿಲ್ಲ. ಅರ್ಧ ಲೋಟ ಕಾಫಿ, ಒಂದು ಗುಟುಕು ನೀರು. ಕೇಳಿದರೆ ಕಾಲು ನೋವು ಎನ್ನುತ್ತಿದ್ದರು. ವಯಸ್ಸಾಯಿತು, ಬಿದ್ದ ಭಯ ಇನ್ನೂ ಹೋಗಿಲ್ಲ ಎಂದು ನಾವು ನಮ್ಮಷ್ಟಕ್ಕೇ ಕಾರಣ ಹೇಳಿಕೊಂಡೆವು.

ಒಂದು ಬೆಳಿಗ್ಗೆ ತರಕಾರಿಗೆಂದು ಹೊರಟವಳು ಕೈಚೀಲ ಮರೆತು ವಾಪಸ್ ಬಂದೆ. ಚೀಲ ಹಿಂದಿನ ಬಾಗಿಲ ಮೊಳೆಗೆ ತೂಗುಹಾಕಿತ್ತು. ಅತ್ತೆ ಕಲ್ಲಿನ ಮುಂದೆ ನಿಂತು ಹಾಸಿಗೆಯ ಮೇಲುಹಾಸನ್ನು ಉಜ್ಜುತ್ತಿದ್ದರು. ಮುರಿದು ಕೂಡಿದ್ದ ಆ ಕೈಯಿಂದ ಹಿಂಡಲಾಗದೆ ಒಂದು ತುದಿಯನ್ನು ನಲ್ಲಿಗೆ ಸುತ್ತಿ ತಿರುಚುತ್ತಿದ್ದರು. ಪಕ್ಕದಲ್ಲಿ ಎರಡು ಲಂಗಗಳು. ಮೂತ್ರದ ವಾಸನೆ ಸಾಬೂನಿನ ಜೊತೆ ಬೆರೆತು ಬಾಗಿಲವರೆಗೂ ಬರುತ್ತಿತ್ತು. ನನ್ನನ್ನು ಕಂಡವರೇ ಸೆರಗನ್ನು ಬಕೆಟ್ಟಿನ ಮೇಲೆ ಹರಡಿ, "ಮುಟ್ಬೇಡ, ಮಡಿ" ಎಂದರು.

ನಾನು ಚೀಲ ತೆಗೆದುಕೊಂಡು, ಏನೂ ಕಾಣದವಳಂತೆ ಹೊರಟೆ. ತರಕಾರಿ ಅಂಗಡಿಯ ಮುಂದೆ ನಿಂತಾಗ ಹೊಳೆಯಿತು: ಉಟ್ಟು ಬಿಟ್ಟ ಬಟ್ಟೆಗೆ ಎಲ್ಲಿಯ ಮಡಿ? ಒಗೆದು, ಯಾರೂ ಮುಟ್ಟದ ಹಾಗೆ ಒಣಗಿಸಿದ ಮೇಲಲ್ಲವೇ ಅದು ಮಡಿಯಾಗುವುದು? ಒಗೆಯುವ ಮೊದಲು ಯಾರು ಮುಟ್ಟಿದರೆ ಏನು ಹೋಗುತ್ತದೆ? ಮಡಿಯಲ್ಲೇ ಹುಟ್ಟಿ ಬೆಳೆದ ನಾವು, ಗಂಡ, ನಾದಿನಿ, ನಾನು, ಒಬ್ಬರೂ ಇದನ್ನು ಕೇಳಿರಲಿಲ್ಲ. ಆ ಒಂದು ಮಾತಿನ ಹಿಂದೆ ಅತ್ತೆ ನಿಶ್ಚಿಂತೆಯಾಗಿ ಅಡಗಿಕೊಂಡಿದ್ದರು.

ಗೊತ್ತಾಗಿದೆ ಎಂದು ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವರು ನನ್ನ ಮುಖ ನೋಡುವುದನ್ನೇ ಬಿಡುತ್ತಿದ್ದರು, ಅಷ್ಟು ಅವರನ್ನು ಬಲ್ಲೆ. ಸುಮ್ಮನಿದ್ದರೆ ಇನ್ನೊಂದು ದಿನ ಆ ಕಲ್ಲಿನ ಬುಡದಲ್ಲಿ ಬೀಳುತ್ತಾರೆ. ಅವರ ಮಾನವೂ ಉಳಿಯಬೇಕು, ಸೊಂಟವೂ ಉಳಿಯಬೇಕು. ಕೊನೆಗೆ ಅವರ ಮಡಿಯನ್ನೇ ಹಿಡಿದುಕೊಂಡೆ.

"ಅತ್ತೆ, ಯೋಚನೆ ಮಾಡಿದೆ. ನೀವು ಹೇಳೋದು ಸರಿ" ಎಂದು ಶುರು ಮಾಡಿದೆ. ನನ್ನ ಬಾಯಲ್ಲಿ ಆ ಮಾತು ಕೇಳಿ ಅವರು ಅನುಮಾನದಿಂದಲೇ ನೋಡಿದರು. "ನಮ್ಮ ಬಟ್ಟೆ ಜೊತೆ ನಿಮ್ಮದು ಬೇಡ. ಇನ್ಮೇಲೆ ಮೆಷಿನ್ನಿನಲ್ಲಿ ಬೆಳಗಿನ ಮೊದಲ ಸುತ್ತು ನಿಮ್ಮದು. ಹಿಂದಿನ ದಿನವೇ ಅದನ್ನ ಬರೀ ನೀರು ಬಿಟ್ಟು ತೊಳೆದಿಟ್ಟಿರ್ತೀನಿ. ಹಾಕೋದೂ ನೀವೇ, ತೆಗೆಯೋದೂ ನೀವೇ. ನಿಮ್ಮದು ಮುಗಿಯೋವರೆಗೂ ಹಿಂದಿನ ಬಾಗಿಲು ಯಾರೂ ದಾಟಲ್ಲ. ನೀರು ಬಿದ್ರೆ ಶುದ್ಧ ಅಂತೀರಲ್ಲ, ಇದರಲ್ಲಿ ಮತ್ತೆ ಮತ್ತೆ ಬೀಳುತ್ತೆ."

ಅತ್ತೆ ಬಹಳ ಹೊತ್ತು ಅವರೆಕಾಯಿ ಸುಲಿದರು. ಆಮೇಲೆ, "ಗುಂಡಿ ಒತ್ತೋಕೆ ನಂಗೆ ಬರಲ್ವಲ್ಲ" ಎಂದರು. ಒಪ್ಪಿಗೆ ಸಿಕ್ಕಿತು ಎಂದುಕೊಂಡು ನನ್ನ ಹಣೆಬೊಟ್ಟಿನ ಸ್ಟಿಕ್ಕರ್ ತಂದೆ. ಮೊದಲು ಒತ್ತುವುದಕ್ಕೆ ಕೆಂಪು, ಆಮೇಲೆ ಒತ್ತುವುದಕ್ಕೆ ಹಸಿರು ಅಂಟಿಸಿದೆ. ಉಳಿದ ಗುಂಡಿಗಳ ತಂಟೆಗೆ ಹೋಗಬೇಡಿ ಎಂದೆ.

ಮರುದಿನ ಬೆಳಿಗ್ಗೆ ಬಾಗಿಲು ಹಾಕಿಕೊಂಡರು. ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದೆ. ಮುಚ್ಚಳ ಮುಚ್ಚಿದ ಸದ್ದು, ಆಮೇಲೆ ನೀರು ಸುರಿಯುವ ಸದ್ದು ಕೇಳಿತು. ಅವತ್ತಿನಷ್ಟು ಸಮಾಧಾನದ ಕಾಫಿ ನಾನು ಕುಡಿದಿಲ್ಲ.

ಬಿಳಿ ಅಂಗಿ ಹುಡುಕುತ್ತಾ ಹಿಂದಿನ ಬಾಗಿಲಿಗೆ ಬಂದ ಗಂಡನನ್ನು ತಡೆದು, "ಅಮ್ಮ ಮಡಿಯಲ್ಲಿದ್ದಾರೆ" ಎಂದೆ. "ಅಮ್ಮನಾ, ಮೆಷಿನ್ನಾ?" ಎಂದು ನಕ್ಕು, ಉಟ್ಟಿದ್ದ ಗುಲಾಬಿ ಪಂಚೆಯಲ್ಲೇ ಪೇಪರ್ ಓದಲು ಕೂತರು. ಅವರಿಗೆ ಇವತ್ತಿಗೂ ಸಂಗತಿ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ತಿಂಗಳುಗಳು ಕಳೆದಂತೆ ಅತ್ತೆ ಮೆಷಿನ್ನಿನ ಪೂರ್ತಿ ಯಜಮಾನಿಯಾದರು. ನೊರೆ ಜಾಸ್ತಿಯಾದರೆ ಪುಡಿ ಕಡಿಮೆ ಹಾಕು ಎಂದು ನನಗೇ ಪಾಠ ಹೇಳತೊಡಗಿದರು. ಎಷ್ಟು ಸಲ ಬಟ್ಟೆ ಬದಲಾಯಿಸಿದರೂ ಒಗೆಯುವ ಕಷ್ಟವಿಲ್ಲವೆಂದಾದ ಮೇಲೆ ಕಾಫಿ ಲೋಟ ತುಂಬಿತು. ಸಂಜೆ ಕೆರೆಯ ಹತ್ತಿರ ಒಂದು ಬೆಂಚಿನ ತನಕ ನಡೆದು, ಅಲ್ಲಿನ ಗೆಳತಿಯರ ಜೊತೆ ಮಾತಾಡಿ ಬರುತ್ತಿದ್ದರು. ಲೇಡಿ ಡಾಕ್ಟರ ಹತ್ತಿರ ಹೋಗೋಣವೇ ಎಂಬ ಮಾತು ಎಷ್ಟೋ ಸಲ ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ಕೇಳಿದರೆ ಮತ್ತೆ ಕಲ್ಲಿಗೇ ವಾಪಸ್ ಹೋಗುತ್ತಾರೆಂಬ ಭಯಕ್ಕೆ ನುಂಗುತ್ತಿದ್ದೆ.

ಈ ಚಳಿಗಾಲದಲ್ಲಿ ನನಗೆ ಜ್ವರ ಬಂದು ಹೋಗಿ ಕೆಮ್ಮು ಮಾತ್ರ ಉಳಿದುಕೊಂಡಿತು. ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಜೋರಾಗಿ ಕೆಮ್ಮಿದೆ, ಲಂಗ ಒದ್ದೆಯಾಯಿತು. ನಾನೂ ಐವತ್ತು ದಾಟಿದವಳು. ಒಲೆ ಆರಿಸಿ ಬಟ್ಟೆ ಬದಲಾಯಿಸಿದೆ. ಒದ್ದೆ ಲಂಗವನ್ನು ಸುತ್ತಿ ಕೈಯಲ್ಲಿ ಹಿಡಿದುಕೊಂಡಾಗ ನನ್ನ ಮುಖವೆಲ್ಲ ಬಿಸಿಯಾಗಿತ್ತು. ಅತ್ತೆಯ ಸುತ್ತು ನಡೆಯುತ್ತಿತ್ತು, ಅವರು ದೇವರ ಮನೆಯಲ್ಲಿದ್ದರು. ಯಾರಿಗೂ ಕಾಣದಂತೆ ಕಲ್ಲಿನ ಮೇಲೆ ಜಾಲಿಸಿಬಿಡೋಣವೆಂದು ಮೆಲ್ಲಗೆ ಬಾಗಿಲು ದಾಟಿ ನಲ್ಲಿ ತಿರುಗಿಸಿದೆ.

ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ. ನನ್ನ ಕೈಯನ್ನು ನೋಡಿದರು, ನನ್ನ ಮುಖ ನೋಡಿದರು. ಹತ್ತಿರ ಬಂದು ಗುಂಡಿ ಒತ್ತಿ ಮೆಷಿನ್ ನಿಲ್ಲಿಸಿ, ಮುಚ್ಚಳ ಎತ್ತಿ ಹಿಡಿದರು.

"ಹಾಕು."

"ನಿಮ್ಮದು ಮಡಿ..."

"ಹಾಕು ಅಂದೆನಲ್ಲ."

ಹಾಕಿದೆ. ಅವರ ಸೀರೆಯ ಪಕ್ಕ ನನ್ನ ಲಂಗ ನೀರಿನಲ್ಲಿ ಮುಳುಗಿತು. ಅವರು ಮುಚ್ಚಳ ಮುಚ್ಚಿ, ಮತ್ತೆ ಶುರು ಮಾಡಿ, ಅದರ ಮೇಲೆ ಅಂಗೈ ಊರಿಕೊಂಡು ನಿಂತರು.

"ಕೆಮ್ಮಿದಾಗಲಾ?"

"ಹೂಂ."

"ನಂಗೂ ಹಾಗೇ ಶುರುವಾಗಿದ್ದು. ನೀನು ಮದುವೆಯಾಗಿ ಬಂದ ವರ್ಷ."

ನನಗೆ ಅಳು ತಡೆಯಲಾಗಲಿಲ್ಲ. ವಯಸ್ಸಾದ ಮೇಲೆ ಬಂದ ತೊಂದರೆ ಎಂದುಕೊಂಡಿದ್ದೆ. ಒಂದೇ ಸೂರಿನ ಕೆಳಗೆ, ನನ್ನ ಕಣ್ಣೆದುರಿಗೇ, ನನ್ನ ಯೌವನವೆಲ್ಲ ಕಳೆಯುವಷ್ಟು ಕಾಲ ಇದನ್ನು ಒಬ್ಬರೇ ಉಜ್ಜುತ್ತಾ ಬಂದಿದ್ದರು. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, "ನನ್ನ ಹಾಗೆ ಸುಮ್ನಿರ್ಬೇಡ. ಡಾಕ್ಟ್ರಿಗೆ ತೋರಿಸು" ಎಂದರು.

"ನೀವೂ ಬಂದ್ರೆ ಹೋಗ್ತೀನಿ."

"ಈ ವಯಸ್ಸಲ್ಲಿ ನಂಗೆ ನಾಚಿಕೆ ಕಣೇ."

"ನಂಗೂ ನಾಚಿಕೆನೇ. ಜೊತೆಗೆ ಹೋಗೋಣ."

ಬಟ್ಟೆ ಒಣಹಾಕಿದ ಮೇಲೆ ಅವರು ಒಳ್ಳೆಯ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನನಗಿಂತ ಮೊದಲೇ ನಿಂತಿದ್ದರು. ಆಟೋ ಹಿಡಿದು ಹೋದೆವು. ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ ತಲೆಯೆತ್ತಿ, "ಪೇಷಂಟ್ ಯಾರು ಆಂಟಿ?" ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಸುತ್ತ ಕೂತವರಿಗೆಲ್ಲ ಕೇಳುವ ಹಾಗೆ, "ಇಬ್ರೂನು" ಎಂದರು.